ಕಂಡವರಾರು, ಕಟ್ಟಿಕೊಂಡವರಾರು?

ಚಲನಚಿತ್ರ ನಟಿಯರ ಜೀವನವೃತ್ತಾಂತವನ್ನು ಹೇಳುವಾಗ ನಮ್ಮ ಪತ್ರಿಕೆಗಳು ಬಹುಕಾಲದಿಂದ ಅನುಸರಿಸಿಕೊಂಡು ಬಂದಿರುವ ಒಂದು ಕಥನಕ್ರಮವುಂಟು. ಜಾಹೀರಾತಿನಲ್ಲಿಯೋ ಪತ್ರಿಕೆಯೊಂದರ ಮುಖಪುಟದಲ್ಲಿಯೋ ಕಾಣಿಸಿಕೊಂಡ ಅಪರಿಚಿತ ತರುಣಿಯೊಬ್ಬಳ ಮೇಲೆ ಪ್ರಸಿದ್ಧ ನಿರ್ದೇಶಕನೊಬ್ಬನ ದೃಷ್ಟಿ ಬೀಳುತ್ತದೆ. ಆತ ಅವಳನ್ನು ಕರೆಸಿಕೊಂಡು, ಹೆಸರನ್ನು ಬದಲಿಸಿ, ನಡೆನುಡಿಗಳನ್ನು ತಿದ್ದಿ, ಕ್ಯಾಮೆರಾದ ಮುಂದೆ ನಿಲ್ಲಿಸುತ್ತಾನೆ. ಒಂದು ಶುಭ ಶುಕ್ರವಾರ ಚಿತ್ರವು ತೆರೆಗೆ ಬಂದು ಅವಳು ತಾರೆಯಾಗುತ್ತಾಳೆ. ಈ ಕಥೆಯಲ್ಲಿ ಕರ್ತೃತ್ವವೆಲ್ಲವೂ ನಿರ್ದೇಶಕನದು. ಆ ಹೆಣ್ಣುಮಗಳ ಪಾಲಿಗೆ ಉಳಿಯುವುದು ಸುಂದರವಾದ ಮುಖ ಮತ್ತು ಒಳ್ಳೆಯ ಅದೃಷ್ಟ ಮಾತ್ರ. ಓದುವುದಕ್ಕೆ ಮನೋಹರವಾಗಿರುವ ಈ ಕಥೆಯು ನಿಜವನ್ನು ಮರೆಮಾಡುತ್ತದೆಂದೂ, ರೂಪದರ್ಶಿಯ ವೃತ್ತಿಯಿಂದ ಅಭಿನಯಕ್ಕೆ ಬರುತ್ತಿರುವ ಇಂದಿನ ಹೆಣ್ಣುಮಕ್ಕಳಿಗೆ ಇದರಿಂದ ಅನ್ಯಾಯವಾಗುತ್ತಿದೆಯೆಂದೂ ನನ್ನ ದೃಢವಾದ ಅಭಿಪ್ರಾಯ.

ಈ ಅಭಿಪ್ರಾಯವನ್ನು ಸಮರ್ಥಿಸುವುದಕ್ಕೆ ಅಮೆರಿಕದ ನಟಿ ಲಾರೆನ್ ಬಕಾಲ್ ಅವರ ಜೀವನವನ್ನು ಆರಿಸಿಕೊಳ್ಳುತ್ತೇನೆ. ಮೇಲೆ ಹೇಳಿದ ಕಥೆಯು ಯಾರ ವಿಷಯದಲ್ಲಿಯಾದರೂ ಅಕ್ಷರಶಃ ನಡೆಯಿತೆಂದು ಹೇಳಬಹುದಾದರೆ ಅದು ಆಕೆಯ ವಿಷಯದಲ್ಲಿ. ಹದಿನೆಂಟರ ಪ್ರಾಯದಲ್ಲಿ ಪತ್ರಿಕೆಯ ಮುಖಪುಟ, ಹತ್ತೊಂಬತ್ತರಲ್ಲಿ ಚಿತ್ರದ ನಾಯಿಕೆ, ಇಪ್ಪತ್ತರಲ್ಲಿ ಜಗತ್ಪ್ರಸಿದ್ಧ ನಟನ ಪತ್ನಿ: ಇಂತಹ ಆರೋಹಣವನ್ನು ಕಂಡವರು ಅದನ್ನು ಪವಾಡವೆಂದು ಕರೆದುದರಲ್ಲಿ ಆಶ್ಚರ್ಯವಿಲ್ಲ. ಆದರೆ ಆ ಪವಾಡದ ಹಿಂದೆಯೂ ಮುಂದೆಯೂ ಇದ್ದುದನ್ನು ಸಾವಧಾನವಾಗಿ ಪರಿಶೀಲಿಸಿದವರಿಗೆ, ಅಲ್ಲಿ ಕಾಣಬರುವುದು ಸುಮಾರು ಏಳು ದಶಕಗಳ ಅವಿಚ್ಛಿನ್ನವಾದ ದುಡಿಮೆ.

ಬೆಟ್ಟಿ ಜೋನ್ ಪರ್ಸ್ಕಿ ಎಂಬುದು ಆಕೆಯ ಹುಟ್ಟುಹೆಸರು. ಜನ್ಮವಾದುದು 1924ರ ಸೆಪ್ಟೆಂಬರ್ 16ರಂದು, ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಭಾಗದಲ್ಲಿ, ವಲಸೆ ಬಂದ ಯೆಹೂದಿ ಮನೆತನದಲ್ಲಿ. ಮಗಳು ಇನ್ನೂ ಚಿಕ್ಕವಳಾಗಿದ್ದಾಗಲೇ ತಂದೆತಾಯಿಯರಿಗೆ ವಿಚ್ಛೇದನವಾಗಿ, ತಂದೆಯು ಅವಳ ಬಾಳಿನಿಂದ ಸಂಪೂರ್ಣವಾಗಿ ಸರಿದುಹೋದನು. ರುಮೇನಿಯದಿಂದ ಬಂದಿದ್ದ ತಾಯಿ ನ್ಯಾಟಲಿ, ಗಂಡನ ಹೆಸರನ್ನು ತೊರೆದು ತನ್ನ ತವರಿನ ಹೆಸರಿನ ಒಂದರ್ಧವಾದ ‘ಬಕಾಲ್’ ಎಂಬುದನ್ನು ಇಟ್ಟುಕೊಂಡು, ಕಚೇರಿಯಲ್ಲಿ ದುಡಿದು, ಅಜ್ಜಿ ಮತ್ತು ಸೋದರಮಾವಂದಿರ ಆಸರೆಯಲ್ಲಿ ಮಗಳನ್ನು ಬೆಳೆಸಿದರು. ನಾಟಕಗಳ ಮತ್ತು ಚಲನಚಿತ್ರಗಳ ಹುಚ್ಚು ಹತ್ತಿದ ಆ ಹುಡುಗಿಗೆ ಬೆಟ್ಟಿ ಡೇವಿಸ್ ಎಂಬ ನಟಿಯು ಆರಾಧ್ಯದೇವತೆಯಾಗಿದ್ದಳು. ಶಾಲೆಯನ್ನು ಮುಗಿಸಿ ನ್ಯೂಯಾರ್ಕಿನ ಅಮೆರಿಕನ್ ಅಕಾಡೆಮಿ ಆಫ್ ಡ್ರಮ್ಯಾಟಿಕ್ ಆರ್ಟ್ಸ್ ಎಂಬ ನಾಟ್ಯಶಾಲೆಯನ್ನು ಸೇರಿ ಅಲ್ಲಿ ಒಂದು ವರ್ಷ ಅಭಿನಯವನ್ನು ಅಭ್ಯಸಿಸಿದಳು. ಮುಂದೆ ಖ್ಯಾತನಾದ ಕರ್ಕ್ ಡಗ್ಲಸ್ ಆಗ ಅಲ್ಲಿಯೇ ವಿದ್ಯಾರ್ಥಿಯಾಗಿದ್ದನು. ಎರಡನೆಯ ವರ್ಷದ ಶುಲ್ಕವನ್ನು ತೆರುವುದಕ್ಕೆ ಮನೆಯಲ್ಲಿ ಹಣವಿರಲಿಲ್ಲ. ವಿದ್ಯಾರ್ಥಿವೇತನವಾದರೋ ಆ ಕಾಲದಲ್ಲಿ ಅಲ್ಲಿ ಹೆಣ್ಣುಮಕ್ಕಳಿಗೆ ದೊರೆಯುತ್ತಿರಲಿಲ್ಲ. ಹಾಗಾಗಿ ಓದು ನಿಂತಿತು.

ಇಲ್ಲಿ ಒಂದು ಕ್ಷಣ ನಿಂತು ಗಮನಿಸಬೇಕಾದ ವಿಷಯವಿದೆ. ಬಕಾಲ್ ಅವರನ್ನು ‘ರೂಪದರ್ಶಿಯಾಗಿದ್ದು ನಟಿಯಾದವರು’ ಎಂದು ಲೋಕವು ವರ್ಣಿಸುತ್ತದೆ. ವಾಸ್ತವವಾಗಿ ಆಕೆ ನಟಿಯಾಗಬೇಕೆಂದು ಹೊರಟು, ದಾರಿಯ ಖರ್ಚಿಗಾಗಿ ರೂಪದರ್ಶಿಯಾದವರು. ನ್ಯೂಯಾರ್ಕಿನ ಸಿದ್ಧ ಉಡುಪಿನ ವ್ಯಾಪಾರಕ್ಕೆ ಕೇಂದ್ರವಾಗಿದ್ದ ಸೆವೆನ್ತ್ ಅವೆನ್ಯೂವಿನ ಮಳಿಗೆಗಳಲ್ಲಿ, ಸಗಟು ಕೊಳ್ಳಲು ಬಂದ ವರ್ತಕರ ಎದುರಿಗೆ ಹೊಸ ಹೊಸ ಉಡುಪುಗಳನ್ನು ತೊಟ್ಟು, ನಡೆದು, ತಿರುಗಿ, ನಿಂತು ತೋರಿಸುವುದೇ ಅವರ ಮೊದಲ ಕೆಲಸ. ಈ ವೃತ್ತಿಯನ್ನು ಹೊರಗಿನಿಂದ ನೋಡುವವರು, ಸುಂದರವಾಗಿರುವುದೊಂದೇ ಇದಕ್ಕೆ ಬೇಕಾದ ಅರ್ಹತೆಯೆಂದು ಭಾವಿಸುವರು. ಗಂಟೆಗಟ್ಟಲೆ ಅಲುಗಾಡದೆ ನಿಲ್ಲುವ ಸಹನೆ, ಬೆಳಕು ಎತ್ತಣಿಂದ ಬೀಳುತ್ತಿದೆಯೆಂಬುದರ ಅರಿವು, ತನ್ನ ಶರೀರವು ಯಾವ ಕೋನದಿಂದ ಹೇಗೆ ಕಾಣುತ್ತದೆಂಬ ತಿಳಿವಳಿಕೆ, ಅಪರಿಚಿತರ ನೋಟದ ಕೆಳಗೆ ಧೃತಿಗೆಡದೆ ಇರುವ ಸ್ಥೈರ್ಯ ಇವೆಲ್ಲವೂ ಅಭ್ಯಾಸದಿಂದಲ್ಲದೆ ಬರುವಂಥವಲ್ಲ. ಚಿತ್ರನಟಿಗೆ ಬೇಕಾದ ವಿದ್ಯೆಯಲ್ಲಿ ಇದು ಅರ್ಧದಷ್ಟಾದರೂ ಹೌದು. ಉಳಿದರ್ಧವಾದ ಮಾತು, ಭಾವ, ಪಾತ್ರದ ಒಳಹೊಕ್ಕು ನೋಡುವ ಕಲ್ಪನೆ ಇವುಗಳನ್ನು ಆಕೆ ಬೇರೆಡೆಯಲ್ಲಿ ಅರಸಿದರು.

ಅರಸಿದ ಸ್ಥಳ ನ್ಯೂಯಾರ್ಕಿನ ರಂಗಭೂಮಿಗೆ ಕೇಂದ್ರವಾದ ಬ್ರಾಡ್‌ವೇ. ಹಗಲಿನಲ್ಲಿ ಉಡುಪುಗಳನ್ನು ತೊಟ್ಟು ತೋರಿಸಿ, ಸಂಜೆಯಾದೊಡನೆ ನಾಟಕಶಾಲೆಗಳಲ್ಲಿ ಪ್ರೇಕ್ಷಕರಿಗೆ ಆಸನ ತೋರಿಸುವ ಕೆಲಸವನ್ನು ಆಕೆ ಮಾಡಿದರು. ಅದರ ಸಂಬಳ ಅಲ್ಪವಾದರೂ ನಾಟಕವನ್ನು ದಿನವೂ ಉಚಿತವಾಗಿ ನೋಡುವ ಲಾಭವಿತ್ತು. ನಟವರ್ಗಕ್ಕೆ ಅವಕಾಶಗಳ ಸುದ್ದಿಯನ್ನು ಮುಟ್ಟಿಸುತ್ತಿದ್ದ ‘ಆಕ್ಟರ್ಸ್ ಕ್ಯೂ’ ಎಂಬ ಪುಟ್ಟ ಪತ್ರಿಕೆಯನ್ನು, ರಂಗಭೂಮಿಯ ಗಣ್ಯರು ಊಟಕ್ಕೆ ಬರುತ್ತಿದ್ದ ಸಾರ್ಡೀಸ್ ಉಪಾಹಾರಗೃಹದ ಬಾಗಿಲಲ್ಲಿ ನಿಂತು ಮಾರಿದರು. ನಿರ್ಮಾಪಕರಾಗಿ ಕಂಡವರನ್ನು ತಡೆದು ನಿಲ್ಲಿಸಿ ಪಾತ್ರವಿದೆಯೇ ಎಂದು ವಿಚಾರಿಸಿದರು. 1942ರಲ್ಲಿ ಒಂದು ನಾಟಕದಲ್ಲಿ ಮಾತಿಲ್ಲದ ಸಣ್ಣ ಪಾತ್ರವೂ, ಅನಂತರ ಇನ್ನೊಂದು ನಾಟಕದಲ್ಲಿ ಮಾತುಳ್ಳ ಪಾತ್ರವೂ ದೊರೆತವು. ಎರಡನೆಯದು ಬ್ರಾಡ್‌ವೇಯನ್ನು ತಲುಪುವ ಮೊದಲೇ ನಿಂತುಹೋಯಿತು. ಅದೃಷ್ಟವು ಬಂದು ಬಾಗಿಲನ್ನು ತಟ್ಟುವುದಕ್ಕೆ ಮುಂಚೆ ಈ ಹುಡುಗಿ ಇಷ್ಟು ಬಾಗಿಲುಗಳನ್ನು ತಟ್ಟಿದ್ದಳೆಂಬುದನ್ನು ನಮ್ಮ ಸಿದ್ಧಕಥೆಯು ಹೇಳುವುದೇ ಇಲ್ಲ.

ಇನ್ನು ಆ ಸುಪ್ರಸಿದ್ಧವಾದ ‘ಕಂಡುಹಿಡಿಯುವಿಕೆ’ಯ ವಿಚಾರ. ಆ ಕೀರ್ತಿಯನ್ನು ಲೋಕವು ನಿರ್ದೇಶಕ ಹೋವರ್ಡ್ ಹಾಕ್ಸ್ ಅವರಿಗೆ ಸಲ್ಲಿಸಿದೆ. ಆದರೆ ಆಕೆಯನ್ನು ಮೊದಲು ಕಂಡವರು ‘ಹಾರ್ಪರ್ಸ್ ಬಜಾರ್’ ಪತ್ರಿಕೆಯ ಉಡುಪು ವಿಭಾಗದ ಸಂಪಾದಕಿ ಡಯಾನಾ ವ್ರೀಲೆಂಡ್. ಪರಿಚಿತರೊಬ್ಬರು ಕರೆದುಕೊಂಡು ಬಂದ ಆ ತೆಳ್ಳನೆಯ, ನಸುಗೆಂಚು ಕೂದಲಿನ ತರುಣಿಯಲ್ಲಿ, ಅಂದಿನ ಒಪ್ಪಿತವಾದ ಸೌಂದರ್ಯಕ್ಕಿಂತ ಭಿನ್ನವಾದ ಏನೋ ಒಂದು ಇದೆಯೆಂದು ಗುರುತಿಸಿದವರು ಆಕೆ. ಛಾಯಾಚಿತ್ರವನ್ನು ತೆಗೆದವರು ಆ ಕಾಲದ ಶ್ರೇಷ್ಠ ಛಾಯಾಗ್ರಾಹಕಿಯರಲ್ಲಿ ಒಬ್ಬರಾದ ಲೂಯಿಸ್ ಡಾಲ್‌ವುಲ್ಫ್. ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ದಿನಗಳವು. 1943ರ ಮಾರ್ಚ್ ತಿಂಗಳ ಸಂಚಿಕೆಯ ಮುಖಪುಟದಲ್ಲಿ, ರೆಡ್‌ಕ್ರಾಸ್ ಸಂಸ್ಥೆಯ ರಕ್ತದಾನ ಕೇಂದ್ರದ ಬಾಗಿಲ ಮುಂದೆ ನೀಲಿಯುಡುಪಿನಲ್ಲಿ ನಿಂತ ಆ ತರುಣಿಯ ಗಂಭೀರವಾದ, ನೇರವಾದ ನೋಟವನ್ನು ದೇಶವೆಲ್ಲ ಕಂಡಿತು. ಆ ಮುಖಪುಟವನ್ನು ಕ್ಯಾಲಿಫೋರ್ನಿಯದಲ್ಲಿ ನೋಡಿ, ಈ ಹುಡುಗಿಯನ್ನು ಗಮನಿಸಬೇಕೆಂದು ಪತಿಗೆ ಸೂಚಿಸಿದವರು ಹಾಕ್ಸ್ ಅವರ ಪತ್ನಿ ಸ್ಲಿಮ್. ಹೀಗೆ ಸಂಪಾದಕಿ, ಛಾಯಾಗ್ರಾಹಕಿ, ಗೃಹಿಣಿ ಎಂಬ ಮೂವರು ಸ್ತ್ರೀಯರ ಕಣ್ಣುಗಳನ್ನು ಹಾದುಹೋದ ಮೇಲೆ ಆ ಮುಖವು ನಿರ್ದೇಶಕನ ಕಣ್ಣಿಗೆ ಬಿದ್ದಿತು. ಹಾಕ್ಸ್ ಅವರು ಆಕೆಯನ್ನು ಕರೆಸಿಕೊಂಡು ನಿರ್ದೇಶಿಸಿದ ಮೊದಲ ಚಿತ್ರದಲ್ಲಿ ಬಕಾಲ್ ನಿರ್ವಹಿಸಿದ ಪಾತ್ರವನ್ನು ನಾಯಕನು ‘ಸ್ಲಿಮ್’ ಎಂದೇ ಸಂಬೋಧಿಸುತ್ತಾನೆ. ಆ ಪಾತ್ರದ ಉಡುಗೆ ತೊಡುಗೆಗಳೂ ಸರಸದ ಮಾತಿನ ರೀತಿಯೂ ಶ್ರೀಮತಿ ಹಾಕ್ಸ್ ಅವರಿಂದ ಬಂದವು.

ಹಾಕ್ಸ್ ಅವರು ಮಾಡಿದುದನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಹುಬ್ಬನ್ನು ತೆಳುವಾಗಿಸಬೇಕು, ಹಲ್ಲುಗಳನ್ನು ಸರಿಪಡಿಸಬೇಕು ಎಂದು ಸ್ಟುಡಿಯೋದ ಪ್ರಸಾಧನ ವಿಭಾಗದವರು ಹೊರಟಾಗ, ಈ ಮುಖವನ್ನು ಇದ್ದಂತೆಯೇ ಬಿಡಿರೆಂದು ತಡೆದವರು ಅವರೇ. ತೀಕ್ಷ್ಣವಾಗಿ ಏರುತ್ತಿದ್ದ ಆಕೆಯ ದನಿಯನ್ನು ತಗ್ಗಿಸಿ ಗಂಭೀರಗೊಳಿಸಬೇಕೆಂದು ಹೇಳಿದವರೂ ಅವರೇ. ಆದರೆ ಹೇಳುವುದು ಒಂದು, ಮಾಡುವುದು ಇನ್ನೊಂದು. ಲಾಸ್ ಏಂಜಲೀಸಿನ ಗುಡ್ಡಗಳ ಮೇಲೆ ಹಾದುಹೋಗುವ ಮಲ್ಹಾಲೆಂಡ್ ರಸ್ತೆಯ ಯಾವುದಾದರೂ ನಿರ್ಜನವಾದ ತಾಣದಲ್ಲಿ ಕಾರನ್ನು ನಿಲ್ಲಿಸಿ, ಒಂದು ಕಾದಂಬರಿಯನ್ನು ತೆರೆದುಕೊಂಡು, ಎಷ್ಟು ಸಾಧ್ಯವೋ ಅಷ್ಟು ತಗ್ಗಿದ ದನಿಯಲ್ಲಿ ಗಟ್ಟಿಯಾಗಿ ಓದುತ್ತ, ದನಿಯು ಮೇಲೇರಿದಾಗಲೆಲ್ಲ ಮತ್ತೆ ಕೆಳಗಿಳಿಸುತ್ತ ಕುಳಿತಿದ್ದವಳು ಆ ಹದಿನೆಂಟರ ಹುಡುಗಿ. ಗಾಯಕನೊಬ್ಬ ಮಂದ್ರಸ್ಥಾಯಿಯನ್ನು ಸಾಧಿಸುವಂತೆ ಆಕೆ ತನ್ನ ಮಾತಿನ ಶ್ರುತಿಯನ್ನು ಸಾಧಿಸಿಕೊಂಡಳು. ಸ್ವಾಭಾವಿಕವಾದ ಶ್ರುತಿಗಿಂತ ಕೆಳಗೆ ಬಹುಕಾಲ ಮಾತನಾಡುವವರಿಗೆ ಕಂಠದಲ್ಲಿ ಉಂಟಾಗುವ ಆಯಾಸಕ್ಕೆ ವೈದ್ಯರು ಮುಂದೆ, ಆಕೆಯ ಪತಿಯಾಗಲಿದ್ದ ನಟ ಹಂಫ್ರಿ ಬೊಗಾರ್ಟ್ ಮತ್ತು ಬಕಾಲ್ ಅವರ ಹೆಸರನ್ನೇ ಇಟ್ಟರು. ದೇಹವು ತೆತ್ತ ಬೆಲೆಗೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ.

ಹೆಮಿಂಗ್ವೇ ಅವರ ಕಾದಂಬರಿಯನ್ನು ಆಧರಿಸಿದ ‘ಟು ಹ್ಯಾವ್ ಅಂಡ್ ಹ್ಯಾವ್ ನಾಟ್’ ಎಂಬ ಆ ಮೊದಲ ಚಿತ್ರದ ಚಿತ್ರೀಕರಣ ಪ್ರಾರಂಭವಾದುದು 1944ರಲ್ಲಿ. ನಾಯಕ ಹಂಫ್ರಿ ಬೊಗಾರ್ಟ್; ವಯಸ್ಸು ನಲವತ್ತನಾಲ್ಕು; ಆ ಹೊತ್ತಿಗೆ ‘ಕಾಸಾಬ್ಲಾಂಕಾ’ ಚಿತ್ರದಿಂದ ಮನೆಮಾತಾಗಿದ್ದವರು. ಮೊದಲ ದಿನದ ಮೊದಲ ದೃಶ್ಯದಲ್ಲಿ, ಬಾಗಿಲ ಬಳಿ ನಿಂತು ಬೆಂಕಿಕಡ್ಡಿ ಇದೆಯೇ ಎಂದು ಕೇಳಬೇಕಾದ ಬಕಾಲ್ ಅವರ ತಲೆಯೂ ಕೈಯೂ ಭಯದಿಂದ ನಡುಗತೊಡಗಿದವು. ಎಷ್ಟು ಪ್ರಯತ್ನಿಸಿದರೂ ನಡುಕ ನಿಲ್ಲಲಿಲ್ಲ. ಗಲ್ಲವನ್ನು ಎದೆಗೆ ತಾಗುವಷ್ಟು ಕೆಳಗೆ ಒತ್ತಿಹಿಡಿದು ಕಣ್ಣುಗಳನ್ನು ಮಾತ್ರ ಮೇಲೆತ್ತಿ ನೋಡಿದರೆ ತಲೆಯು ಸ್ಥಿರವಾಗಿರುತ್ತದೆಂಬುದನ್ನು ಆಕೆ ಆ ಕ್ಷಣದಲ್ಲಿ ತಾವಾಗಿಯೇ ಕಂಡುಕೊಂಡರು. ಚಿತ್ರವು ಬಿಡುಗಡೆಯಾದಾಗ ಅದೇ ನೋಟವು ‘ದಿ ಲುಕ್’ ಎಂಬ ಹೆಸರಿನಿಂದ ಲೋಕವಿಖ್ಯಾತವಾಯಿತು. ನಿರ್ಭೀತಿಯ, ಪ್ರೌಢಿಮೆಯ, ಗಂಡಸಿಗೆ ಸವಾಲೆಸೆಯುವ ಹೆಣ್ಣಿನ ಕುರುಹೆಂದು ಪ್ರೇಕ್ಷಕರು ಮೆಚ್ಚಿದ ಆ ನೋಟವು, ಹತ್ತೊಂಬತ್ತು ವರ್ಷದ ಹುಡುಗಿಯೊಬ್ಬಳು ತನ್ನ ಭೀತಿಯನ್ನು ಅಡಗಿಸಲು ಹೂಡಿದ ಉಪಾಯವಾಗಿತ್ತು. ಭಯವನ್ನೇ ಭಂಗಿಯಾಗಿ, ಭಂಗಿಯನ್ನೇ ಪಾತ್ರದ ಸ್ವಭಾವವಾಗಿ ಮಾರ್ಪಡಿಸುವ ಈ ಶಕ್ತಿಗೆ ಕಲೆಯೆಂಬ ಹೆಸರಲ್ಲದೆ ಬೇರೆ ಹೆಸರು ಸಲ್ಲದು. ಅದನ್ನು ಆಕೆಗೆ ಯಾವ ನಿರ್ದೇಶಕನೂ ಕಲಿಸಿರಲಿಲ್ಲ.

ಹೀಗೆ ಏಕಾಏಕಿ ಬಂದ ಕೀರ್ತಿಯಲ್ಲಿ ಇಬ್ಬಗೆಯ ನೋವು ಅಡಗಿತ್ತು. ಮೊದಲನೆಯದು ಅಂತರಂಗದ್ದು. ‘ಲಾರೆನ್’ ಎಂಬ ಹೆಸರು ಹಾಕ್ಸ್ ಅವರು ಇಟ್ಟದ್ದು. ಆಪ್ತರಿಗೆ ಆಕೆ ಕಡೆಯವರೆಗೂ ಬೆಟ್ಟಿಯಾಗಿಯೇ ಉಳಿದರು. ಯೆಹೂದಿಗಳನ್ನು ಕುರಿತು ಹಾಕ್ಸ್ ಅವರು ಹಗುರವಾಗಿ ಆಡುತ್ತಿದ್ದ ಮಾತುಗಳನ್ನು ಕೇಳಿ, ತಾನೂ ಯೆಹೂದಿಯೆಂದು ತಿಳಿದರೆ ಅವಕಾಶವು ಕೈತಪ್ಪೀತೆಂಬ ಭಯದಿಂದ ಆಕೆ ಮೌನವಾಗಿದ್ದರು. ಆ ಮೌನಕ್ಕಾಗಿ ತಮ್ಮ ಬಗ್ಗೆ ತಮಗೇ ಉಂಟಾದ ನಾಚಿಕೆಯನ್ನು ಮುಂದೆ ಆತ್ಮಕಥೆಯಲ್ಲಿ ಮರೆಮಾಚದೆ ಬರೆದರು. ಎರಡನೆಯದು ಬಹಿರಂಗದ್ದು. 1945ರಲ್ಲಿ, ಹಾಕ್ಸ್ ಅವರ ನಿರ್ದೇಶನವಿಲ್ಲದೆ, ತಮ್ಮ ಪ್ರಕೃತಿಗೆ ಹೊಂದದ ಇಂಗ್ಲಿಷ್ ಶ್ರೀಮಂತ ಕನ್ಯೆಯ ಪಾತ್ರವನ್ನು ‘ಕಾನ್ಫಿಡೆನ್ಷಿಯಲ್ ಏಜೆಂಟ್’ ಎಂಬ ಚಿತ್ರದಲ್ಲಿ ಮಾಡಬೇಕಾಗಿ ಬಂದಾಗ, ಒಂದು ವರ್ಷದ ಹಿಂದೆ ಆಕಾಶಕ್ಕೆ ಏರಿಸಿದ್ದ ವಿಮರ್ಶಕರೇ ನಿರ್ದಯವಾಗಿ ಕೆಳಕ್ಕೆ ಎಸೆದರು. ಗಾಬರಿಗೊಂಡ ಸ್ಟುಡಿಯೋ, ಅದಕ್ಕೆ ಮೊದಲೇ ಚಿತ್ರೀಕರಣ ಮುಗಿದಿದ್ದ ‘ದಿ ಬಿಗ್ ಸ್ಲೀಪ್’ನಲ್ಲಿ ಆಕೆಯ ದೃಶ್ಯಗಳನ್ನು ಹೊಸದಾಗಿ ಬರೆಸಿ, ಮತ್ತೆ ಚಿತ್ರಿಸಿ, 1946ರಲ್ಲಿ ಬಿಡುಗಡೆ ಮಾಡಿತು. ಕೀರ್ತಿಯು ಮರಳಿತು. ಆದರೆ ರೂಪದರ್ಶಿಯಾಗಿ ಬಂದ ನಟಿಯ ವಿಷಯದಲ್ಲಿ ಜನರ ತೀರ್ಪು ಎಷ್ಟು ಅವಸರದ್ದೆಂಬುದನ್ನು ಇಪ್ಪತ್ತೊಂದರ ವಯಸ್ಸಿನಲ್ಲಿಯೇ ಆಕೆ ಅನುಭವಿಸಿದಂತಾಯಿತು: ಗೆದ್ದರೆ ಯಶಸ್ಸು ನಿರ್ದೇಶಕನದು, ಸೋತರೆ ಸೋಲು ನಟಿಯದು.

1945ರ ಮೇ 21ರಂದು ಒಹಾಯೋ ರಾಜ್ಯದಲ್ಲಿ, ಬೊಗಾರ್ಟರ ಮಿತ್ರರಾದ ಲೇಖಕ ಲೂಯಿ ಬ್ರಾಮ್‌ಫೀಲ್ಡ್ ಅವರ ತೋಟದಮನೆಯಲ್ಲಿ ಬೊಗಾರ್ಟ್ ಮತ್ತು ಬಕಾಲ್ ವಿವಾಹವಾದರು. ಆ ದಾಂಪತ್ಯವು ಸುಖಕರವಾಗಿತ್ತು. ಒಬ್ಬ ಮಗನೂ ಒಬ್ಬ ಮಗಳೂ ಜನಿಸಿದರು. ಸಂಸಾರಕ್ಕೆ ಮೊದಲ ಸ್ಥಾನವನ್ನು ಕೊಟ್ಟುದರಿಂದ ವೃತ್ತಿಯು ಹಿಂದೆ ಬಿದ್ದಿತೆಂಬುದನ್ನು ಆಕೆ ಮರೆಮಾಚಲಿಲ್ಲ, ಅದಕ್ಕಾಗಿ ಪಶ್ಚಾತ್ತಾಪವನ್ನೂ ಪಡಲಿಲ್ಲ. ಆದರೂ ಆ ವರ್ಷಗಳಲ್ಲಿ ಆಕೆ ತೋರಿದ ಸ್ವಾಭಿಮಾನವು ಗಮನಾರ್ಹವಾದುದು. ಸ್ಟುಡಿಯೋಗಳು ನಟನಟಿಯರನ್ನು ದೀರ್ಘಾವಧಿಯ ಕರಾರುಗಳಿಂದ ಕಟ್ಟಿಹಾಕಿ, ಕೊಟ್ಟ ಪಾತ್ರವನ್ನು ಒಲ್ಲೆನೆಂದವರನ್ನು ಸಂಬಳವಿಲ್ಲದೆ ಅಮಾನತಿನಲ್ಲಿಡುತ್ತಿದ್ದ ಕಾಲದಲ್ಲಿ, ತಮಗೆ ಒಪ್ಪಿಗೆಯಾಗದ ಕಥೆಗಳನ್ನು ನಿರಾಕರಿಸಿ ಆಕೆ ಹಲವು ಬಾರಿ ಅಮಾನತಾದರು. 1947ರಲ್ಲಿ ಅಮೆರಿಕದ ಶಾಸನಸಭೆಯ ಸಮಿತಿಯೊಂದು ಚಿತ್ರೋದ್ಯಮದವರ ರಾಜಕೀಯ ನಂಬಿಕೆಗಳನ್ನು ವಿಚಾರಣೆಗೆ ಗುರಿಪಡಿಸಿದಾಗ, ವಾಕ್‌ಸ್ವಾತಂತ್ರ್ಯದ ಪರವಾಗಿ ನಿಲ್ಲಲು ವಿಮಾನವೇರಿ ವಾಷಿಂಗ್ಟನ್ನಿಗೆ ಹೋದ ಕಲಾವಿದರಲ್ಲಿ ಪತಿಯೊಡನೆ ಆಕೆಯೂ ಇದ್ದರು. 1953ರಲ್ಲಿ ‘ಹೌ ಟು ಮ್ಯಾರಿ ಎ ಮಿಲಿಯನೇರ್’ ಚಿತ್ರದಲ್ಲಿ ಮರಿಲಿನ್ ಮನ್ರೋ ಮತ್ತು ಬೆಟ್ಟಿ ಗ್ರೇಬಲ್ ಅವರ ಜೊತೆಯಲ್ಲಿ ನಟಿಸಿ, ಹಾಸ್ಯವೂ ತಮಗೆ ಒಲಿಯಬಲ್ಲುದೆಂದು ತೋರಿಸಿದರು. ಆ ಚಿತ್ರದಲ್ಲಿ ಆಕೆಯದು ರೂಪದರ್ಶಿಯೊಬ್ಬಳ ಪಾತ್ರ.

1957ರ ಜನವರಿ 14ರಂದು ಬೊಗಾರ್ಟ್ ಅವರು ಅನ್ನನಾಳದ ಕ್ಯಾನ್ಸರಿನಿಂದ ಮೃತರಾದರು. ಬಕಾಲ್ ಅವರಿಗಾಗ ಮೂವತ್ತೆರಡು ವರ್ಷ. ಕಂಕುಳಲ್ಲಿ ಇಬ್ಬರು ಎಳೆಯ ಮಕ್ಕಳು. ನಮ್ಮ ಸಿದ್ಧಕಥೆಯು ಇಲ್ಲಿಗೆ ಮುಗಿಯಬೇಕು. ಕಂಡುಹಿಡಿದವರು ದೂರವಾದರು, ಕೈಹಿಡಿದವರು ಕಣ್ಮರೆಯಾದರು. ಉಳಿದ ಮುಖಕ್ಕೆ ವಯಸ್ಸಾಗುತ್ತ ಬಂದಿತು. ಚಿತ್ರರಂಗವು ಆಕೆಯನ್ನು ಬೊಗಾರ್ಟರ ವಿಧವೆಯೆಂದು ಗೌರವಿಸಿತೇ ಹೊರತು ನಟಿಯೆಂದು ಕರೆಯಲಿಲ್ಲ. ಆಗ ಬಕಾಲ್ ಅವರು ಮಾಡಿದ ಕೆಲಸವೇ ಆಕೆಯ ನಿಜವಾದ ಜೀವನಚರಿತ್ರೆಯ ಆರಂಭವೆಂದು ನಾನು ಎಣಿಸುತ್ತೇನೆ. ಹದಿನೇಳರಲ್ಲಿ ತಟ್ಟಿದ್ದ ಬಾಗಿಲುಗಳನ್ನು ಆಕೆ ಮತ್ತೆ ತಟ್ಟಿದರು. ನ್ಯೂಯಾರ್ಕಿಗೆ ಮರಳಿ, 1959ರಲ್ಲಿ ಬ್ರಾಡ್‌ವೇ ರಂಗವನ್ನು ಏರಿದರು. 1965ರಲ್ಲಿ ‘ಕ್ಯಾಕ್ಟಸ್ ಫ್ಲವರ್’ ಎಂಬ ನಾಟಕವು ದೀರ್ಘಕಾಲ ನಡೆದು ಜನಪ್ರಿಯವಾಯಿತು. ಆದರೆ 1969ರಲ್ಲಿ ಅದೇ ನಾಟಕವು ಚಲನಚಿತ್ರವಾದಾಗ ಆ ಪಾತ್ರವನ್ನು ಇಂಗ್ರಿಡ್ ಬರ್ಗ್‌ಮನ್ ಅವರಿಗೆ ಕೊಡಲಾಯಿತು. ಸಂಜೆಸಂಜೆಯೂ ರಂಗದ ಮೇಲೆ ನಿಂತು ಪಾತ್ರಕ್ಕೆ ಜೀವ ತುಂಬಿದವಳು ಒಬ್ಬಳು, ತೆರೆಯ ಮೇಲೆ ಅದರ ಫಲವನ್ನುಂಡವಳು ಇನ್ನೊಬ್ಬಳು ಎಂಬ ಈ ವ್ಯವಹಾರದಿಂದ ಬಕಾಲ್ ಬಹಳವಾಗಿ ನೊಂದರು.

ಆದರೆ ಅವರು ಕುಗ್ಗಲಿಲ್ಲ. ಬೆಟ್ಟಿ ಡೇವಿಸ್ ಅಭಿನಯಿಸಿದ್ದ ‘ಆಲ್ ಅಬೌಟ್ ಈವ್’ ಎಂಬ 1950ರ ಚಿತ್ರವನ್ನು ಆಧರಿಸಿ ರಚಿತವಾದ ‘ಅಪ್ಲಾಸ್’ ಎಂಬ ಸಂಗೀತನಾಟಕವು 1970ರ ಮಾರ್ಚ್ ತಿಂಗಳಿನಲ್ಲಿ ಬ್ರಾಡ್‌ವೇಯಲ್ಲಿ ಪ್ರದರ್ಶಿತವಾಯಿತು. ವೃದ್ಧಾಪ್ಯದ ನೆರಳನ್ನು ಕಂಡು ಅಂಜುವ, ಹೊಸಬಳೊಬ್ಬಳ ಸಂಚಿನಿಂದ ಸ್ಥಾನವನ್ನು ಕಳೆದುಕೊಳ್ಳುವ ಭೀತಿಯಲ್ಲಿರುವ ಪ್ರೌಢ ನಟಿ ಮಾರ್ಗೊ ಚಾನಿಂಗಳ ಪಾತ್ರ ಬಕಾಲ್ ಅವರದು, ವಯಸ್ಸು ನಲವತ್ತೈದು. ಸಂಗೀತನಾಟಕದಲ್ಲಿ ಹಾಡುವುದನ್ನೂ ಕುಣಿಯುವುದನ್ನೂ ಆ ವಯಸ್ಸಿನಲ್ಲಿ ಅಭ್ಯಾಸ ಮಾಡಿ, ವಾರದಲ್ಲಿ ಎಂಟು ಪ್ರದರ್ಶನಗಳ ಬ್ರಾಡ್‌ವೇ ಪದ್ಧತಿಯ ಭಾರವನ್ನು ಹೊತ್ತು, ಆಕೆ ಸಂಗೀತನಾಟಕದ ಶ್ರೇಷ್ಠ ನಟಿಗೆ ಸಲ್ಲುವ ಆ ವರ್ಷದ ಟೋನಿ ಪ್ರಶಸ್ತಿಯನ್ನು ಗಳಿಸಿದರು. ಬಾಲ್ಯದಲ್ಲಿ ಕತ್ತಲ ಚಿತ್ರಮಂದಿರದಲ್ಲಿ ಕುಳಿತು ಯಾರನ್ನು ಆರಾಧಿಸಿದ್ದರೋ ಆ ಬೆಟ್ಟಿ ಡೇವಿಸ್ ಅವರೇ ನಾಟಕವನ್ನು ನೋಡಿ, ತೆರೆಯ ಹಿಂದೆ ಬಂದು ಆಕೆಯನ್ನು ಮೆಚ್ಚಿ ಮಾತನಾಡಿದರು. 1981ರಲ್ಲಿ ‘ವುಮನ್ ಆಫ್ ದಿ ಇಯರ್’ ಎಂಬ ಇನ್ನೊಂದು ಸಂಗೀತನಾಟಕಕ್ಕಾಗಿ ಎರಡನೆಯ ಬಾರಿ ಅದೇ ಪ್ರಶಸ್ತಿ ಬಂದಿತು. ನೇರವಾಗಿ ಪ್ರೇಕ್ಷಕರ ಮುಂದೆ ನಿಂತ ನಟಿಗೆ ಸಂಕಲನಕಾರನ ಕತ್ತರಿಯೂ ಇಲ್ಲ, ನೆಚ್ಚಿನ ಬೆಳಕಿನ ಆಶ್ರಯವೂ ಇಲ್ಲ. ಅಲ್ಲಿ ಗೆದ್ದ ಗೆಲುವನ್ನು ಬೇರೆ ಯಾರ ಲೆಕ್ಕಕ್ಕೂ ಬರೆಯುವಂತಿಲ್ಲ.

ಅದಕ್ಕಿಂತಲೂ ಮಿಗಿಲಾದ ಇನ್ನೊಂದು ಕಾರ್ಯವನ್ನು ಆಕೆ ಮಾಡಿದರು. ತಾರೆಯರ ಆತ್ಮಕಥೆಗಳನ್ನು ಬೇರೆಯವರು ಬರೆದು ತಾರೆಯರು ಸಹಿ ಹಾಕುವುದು ವಾಡಿಕೆಯಾಗಿದ್ದ ಕಾಲದಲ್ಲಿ, ಬಕಾಲ್ ಅವರು ಪ್ರಕಾಶಕರ ಕಚೇರಿಯ ಕೋಣೆಯೊಂದರಲ್ಲಿ ಕುಳಿತು, ಹಳದಿ ಕಾಗದದ ಹಾಳೆಗಳ ಮೇಲೆ ಕೈಯಾರೆ ತಮ್ಮ ಬದುಕನ್ನು ಬರೆದರು. ‘ಬೈ ಮೈಸೆಲ್ಫ್’ ಎಂಬ ಆ ಗ್ರಂಥಕ್ಕೆ 1980ರಲ್ಲಿ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್ ದೊರೆಯಿತು. ನಾನು ಮೇಲೆ ಹೇಳಿದ ದನಿಯ ಅಭ್ಯಾಸ, ಮೊದಲ ದಿನದ ನಡುಕ, ಯೆಹೂದಿತನವನ್ನು ಮುಚ್ಚಿಟ್ಟುಕೊಂಡ ಸಂಕಟ ಇವೆಲ್ಲವೂ ಲೋಕಕ್ಕೆ ತಿಳಿದಿರುವುದು ಆಕೆ ತಾವೇ ಬರೆದಿಟ್ಟುದರಿಂದ. ಬರೆಯದೆ ಹೋಗಿದ್ದರೆ, ಪತ್ನಿಯು ತೋರಿಸಿದ ಮುಖಪುಟವನ್ನು ಪತಿಯು ನೋಡಿ ತಾರೆಯೊಂದನ್ನು ಸೃಷ್ಟಿಸಿದನೆಂಬ ಹಳೆಯ ಕಥೆಯೊಂದೇ ಉಳಿಯುತ್ತಿತ್ತು. 1996ರ ‘ದಿ ಮಿರರ್ ಹ್ಯಾಸ್ ಟೂ ಫೇಸಸ್’ ಚಿತ್ರದಲ್ಲಿ ತಾಯಿಯ ಪಾತ್ರಕ್ಕಾಗಿ, ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ಆಸ್ಕರ್ ಪ್ರಶಸ್ತಿಗೆ ಆಕೆಯ ಹೆಸರು ಮೊದಲ ಬಾರಿಗೆ ಸೂಚಿತವಾಯಿತು. ಎಲ್ಲರ ನಿರೀಕ್ಷೆಗೆ ವಿರುದ್ಧವಾಗಿ ಪ್ರಶಸ್ತಿಯು ಜೂಲಿಯೆಟ್ ಬಿನೋಶ್ ಅವರಿಗೆ ಹೋಯಿತು. 2009ರಲ್ಲಿ ಗೌರವ ಆಸ್ಕರ್ ಬಂದಿತು. 2014ರ ಆಗಸ್ಟ್ 12ರಂದು, ತೊಂಬತ್ತಕ್ಕೆ ಒಂದು ತಿಂಗಳು ಉಳಿದಿರುವಾಗ, ನ್ಯೂಯಾರ್ಕಿನಲ್ಲಿ ಆಕೆ ತೀರಿಕೊಂಡರು.

ಈಗ ನಮ್ಮ ಕಡೆಗೆ ತಿರುಗೋಣ. ಬೆಂಗಳೂರಿನ ಉಡುಪು ಪ್ರದರ್ಶನಗಳಿಂದಲೂ ಜಾಹೀರಾತುಗಳಿಂದಲೂ ಸೌಂದರ್ಯ ಸ್ಪರ್ಧೆಗಳಿಂದಲೂ ಹೆಣ್ಣುಮಕ್ಕಳು ಚಿತ್ರರಂಗಕ್ಕೆ ಬರುವುದು ಇಂದು ಸಾಮಾನ್ಯವಾಗಿದೆ. ಬರುವವರನ್ನು ನಾವು ಎರಡು ಬಗೆಯಲ್ಲಿ ಅವಮಾನಿಸುತ್ತೇವೆ. ಮೊದಲನೆಯದಾಗಿ, ರೂಪದರ್ಶಿಯೆಂದೊಡನೆ ಅಭಿನಯ ಬಾರದವಳೆಂದು ತೀರ್ಮಾನಿಸಿಬಿಡುತ್ತೇವೆ. ಎರಡನೆಯದಾಗಿ, ಅಭಿನಯವನ್ನು ಕಲಿಯುವುದಕ್ಕೆ ಬೇಕಾದ ಸಮಯವನ್ನೂ ಸಾಧನವನ್ನೂ ಅವಳಿಗೆ ಕೊಡದೆ, ಅವಳ ಮುಖವನ್ನು ಮಾತ್ರ ತೆಗೆದುಕೊಂಡು, ದನಿಯನ್ನು ಕಂಠದಾನ ಕಲಾವಿದೆಯೊಬ್ಬರಿಂದ ಪಡೆದು ಜೋಡಿಸುತ್ತೇವೆ. ಪರಭಾಷೆಯಿಂದ ಬಂದ ನಾಯಿಕೆಗೆ ಕನ್ನಡ ಬಾರದಿರುವುದು ಅವಳ ಅಪರಾಧವಲ್ಲ. ಆದರೆ ಒಂದರ ಮೇಲೊಂದು ಚಿತ್ರದಲ್ಲಿ ಅವಳ ದನಿಯನ್ನು ಕಳಚಿಹಾಕುತ್ತ ಹೋದರೆ, ಅವಳು ಕನ್ನಡವನ್ನು ಕಲಿಯುವುದು ಎಂದು, ಪಾತ್ರವನ್ನು ಒಳಗಿನಿಂದ ಅರಿಯುವುದು ಎಂದು? ಇತ್ತ, ಕತ್ತಲೆಯ ಧ್ವನಿಮುದ್ರಣ ಕೊಠಡಿಯಲ್ಲಿ ನಿಂತು ನಗುವನ್ನೂ ಬಿಕ್ಕನ್ನೂ ಉಸಿರನ್ನೂ ತುಂಬಿಕೊಡುವ ಆ ಇನ್ನೊಬ್ಬ ಹೆಣ್ಣುಮಗಳ ಹೆಸರು ಪ್ರೇಕ್ಷಕರಿಗೆ ತಿಳಿಯುವುದೇ ಇಲ್ಲ. ಒಂದು ಪಾತ್ರಕ್ಕಾಗಿ ಇಬ್ಬರು ದುಡಿದರೂ ಇಬ್ಬರಲ್ಲಿ ಯಾರಿಗೂ ಪೂರ್ಣವಾದ ಮನ್ನಣೆಯಿಲ್ಲ.

ಅವಕಾಶ ಕೊಟ್ಟರೆ ಏನಾಗಬಹುದೆಂಬುದಕ್ಕೆ ನಮ್ಮ ನಾಡಿನವರೇ ಆದ ದೀಪಿಕಾ ಪಡುಕೋಣೆ ಸಾಕ್ಷಿಯಾಗಿದ್ದಾರೆ. ಬೆಂಗಳೂರಿನಲ್ಲಿ ಬೆಳೆದು, ಬ್ಯಾಡ್ಮಿಂಟನ್ ಆಟವನ್ನು ಬಿಟ್ಟು ರೂಪದರ್ಶಿಯಾಗಿ, 2006ರಲ್ಲಿ ‘ಐಶ್ವರ್ಯ’ ಎಂಬ ಕನ್ನಡ ಚಿತ್ರದಿಂದ ಅಭಿನಯವನ್ನು ಆರಂಭಿಸಿದ ಅವರಿಗೆ, ಮರುವರ್ಷ ಅಪಾರವಾದ ಖ್ಯಾತಿಯನ್ನು ತಂದ ‘ಓಂ ಶಾಂತಿ ಓಂ’ ಎಂಬ ಹಿಂದಿ ಚಿತ್ರದಲ್ಲಿ ಕೇಳಿಬಂದ ದನಿ ಅವರದಾಗಿರಲಿಲ್ಲ. ತಮ್ಮ ದನಿಯಲ್ಲಿಯೇ ಮಾತನಾಡುತ್ತ, ಸೋತ ಚಿತ್ರಗಳಿಂದಲೂ ಕಲಿಯುತ್ತ ಬಂದ ಅದೇ ನಟಿ, 2015ರ ‘ಪೀಕು’ವಿನಲ್ಲಿ ವೃದ್ಧ ತಂದೆಯ ಯೋಗಕ್ಷೇಮವನ್ನು ಹೊತ್ತ ಮಗಳ ಬೇಸರವನ್ನೂ ವಾತ್ಸಲ್ಯವನ್ನೂ ಅಲಂಕಾರದ ಆಸರೆಯಿಲ್ಲದೆ ವ್ಯಕ್ತಪಡಿಸಿದಾಗ, ರೂಪದರ್ಶಿಗೆ ಅಭಿನಯ ಬಾರದೆಂದವರು ಮೌನವಾಗಬೇಕಾಯಿತು. ಆ ಎರಡು ಚಿತ್ರಗಳ ನಡುವಣ ಎಂಟು ವರ್ಷಗಳು ಅವರಿಗೆ ದೊರೆಯದೆ ಹೋಗಿದ್ದರೆ ಆ ಕಲಾವಿದೆಯನ್ನು ನಾವು ಕಾಣುತ್ತಲೇ ಇರಲಿಲ್ಲ.

ಇದಕ್ಕೆ ಆಕ್ಷೇಪವನ್ನು ಎತ್ತುವವರು ಇಲ್ಲದಿಲ್ಲ. ಚಿತ್ರೋದ್ಯಮವು ವಿದ್ಯಾಶಾಲೆಯಲ್ಲ, ಕೋಟಿಗಟ್ಟಲೆ ಹಣ ಹೂಡಿದ ನಿರ್ಮಾಪಕನು ನಾಯಿಕೆಯ ಕಲಿಕೆಗಾಗಿ ಕಾಯಲಾರನು, ಪ್ರೇಕ್ಷಕನು ಬಯಸುವುದು ಹೊಸ ಮುಖವನ್ನು ಎಂದು ಅವರು ಹೇಳುವರು. ಈ ಮಾತಿನಲ್ಲಿ ಸತ್ಯಾಂಶವಿಲ್ಲವೆಂದು ನಾನು ಹೇಳಲಾರೆ. ಬಂದ ಎಲ್ಲ ರೂಪದರ್ಶಿಗಳೂ ಬಕಾಲ್ ಆಗುವರೆಂದೂ ಹೇಳಲಾರೆ. ಆದರೆ ವ್ಯಾಪಾರದ ಲೆಕ್ಕವನ್ನೇ ಹಿಡಿದು ನೋಡಿದರೂ, ಪ್ರತಿವರ್ಷವೂ ಹೊಸ ಮುಖವೊಂದನ್ನು ತಂದು, ಎರಡು ಚಿತ್ರಗಳಲ್ಲಿ ಅದರ ಹೊಸತನವನ್ನು ಮುಗಿಸಿ, ಮತ್ತೊಂದನ್ನು ಅರಸುತ್ತ ಹೋಗುವ ಪದ್ಧತಿಯಲ್ಲಿ ಚಿತ್ರರಂಗಕ್ಕೆ ಉಳಿಯುವುದೇನು? ನಲವತ್ತೈದರಲ್ಲಿ ಮಾರ್ಗೊ ಚಾನಿಂಗ್, ಎಪ್ಪತ್ತೆರಡರಲ್ಲಿ ಆಸ್ಕರ್ ಪಂಕ್ತಿಗೆ ಏರಿದ ತಾಯಿ ಇಂತಹ ಪಾತ್ರಗಳನ್ನು ಧರಿಸಬಲ್ಲ ಪ್ರೌಢ ನಟಿಯರು, ಇಪ್ಪತ್ತರಲ್ಲಿ ಬಂದವರನ್ನು ಇಪ್ಪತ್ತೈದಕ್ಕೇ ಮನೆಗೆ ಕಳುಹಿಸುವ ಉದ್ಯಮದಲ್ಲಿ ಹುಟ್ಟಲಾರರು.

ಆದುದರಿಂದ ನನ್ನ ಬಿನ್ನಹ ಮೂರು. ನಿರ್ಮಾಪಕರು ಹೊಸ ನಟಿಯೊಡನೆ ಕರಾರು ಮಾಡಿಕೊಳ್ಳುವಾಗ, ಭಾಷೆಯನ್ನೂ ಅಭಿನಯವನ್ನೂ ಕಲಿಯುವ ಕಾಲವನ್ನು ಅದರಲ್ಲಿ ಸೇರಿಸಲಿ. ಮೊದಲ ಚಿತ್ರದಲ್ಲಿ ಸಾಧ್ಯವಾಗದಿದ್ದರೆ ಎರಡನೆಯದರಲ್ಲಿಯಾದರೂ ಅವಳ ದನಿಯನ್ನು ಅವಳಿಗೆ ಬಿಟ್ಟುಕೊಡಲಿ. ಅನ್ಯರ ದನಿಯು ಅನಿವಾರ್ಯವಾದ ಕಡೆ, ಆ ಕಂಠದಾನ ಕಲಾವಿದೆಯ ಹೆಸರು ನಾಯಿಕೆಯ ಹೆಸರಿನ ಜೊತೆಯಲ್ಲಿಯೇ, ಓದಬಹುದಾದ ಅಕ್ಷರಗಳಲ್ಲಿ ತೆರೆಯ ಮೇಲೆ ಬರಲಿ. ಪತ್ರಿಕೆಗಳಲ್ಲಿ ಬರೆಯುವ ನಾವಾದರೋ, ನಟಿಯರ ಎದುರು ಕುಳಿತಾಗ ಯಾರು ನಿಮ್ಮನ್ನು ಪರಿಚಯಿಸಿದರು ಎಂದು ಕೇಳಿ ಸುಮ್ಮನಾಗದೆ, ನೀವು ಏನನ್ನು ಕಲಿತಿರಿ, ಹೇಗೆ ಕಲಿತಿರಿ, ಎಲ್ಲಿ ಸೋತಿರಿ, ಸೋತ ಮೇಲೆ ಏನು ಮಾಡಿದಿರಿ ಎಂದು ಕೇಳೋಣ. ಕೇಳಿ, ಅವರು ಹೇಳಿದುದನ್ನು ಅಷ್ಟೇ ಶ್ರದ್ಧೆಯಿಂದ ಬರೆಯೋಣ. ಚೆಲುವಾದ ಮುಖವೊಂದನ್ನು ಗುರುತಿಸುವುದಕ್ಕೆ ಒಂದು ಗಳಿಗೆ ಸಾಕು, ಆ ಗಳಿಗೆಯ ಕೀರ್ತಿ ಕಂಡವರಿಗೆ ಸಲ್ಲಲಿ. ಅನಂತರದ ವರ್ಷಗಳೆಲ್ಲವೂ ದುಡಿದವಳವು, ಅವುಗಳ ಕೀರ್ತಿಯನ್ನು ಅವಳಿಗೇ ಸಲ್ಲಿಸುವುದು ನ್ಯಾಯ.